ತೆರೆಯ ಮೇಲೆ ಯಾರ ಮನೆಯ ಹಬ್ಬ?

ತುಲಾ ಮಾಸ ಹುಟ್ಟಿತೆಂದರೆ ನಮ್ಮ ಜಿಲ್ಲೆಯಲ್ಲಿ ಮನೆಯಿಂದ ಹೊರಗೆ ಹೊರಡುವ ಕಾಲ ಬಂತೆಂದೇ ಅರ್ಥ. ಮಳೆ ಹಿಂದಾಗಿ, ಕೊಯ್ಲು ಮುಗಿದು, ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಕಾಣಿಸುವ ಈ ತಿಂಗಳುಗಳನ್ನು ತುಳುವರು ಬೊಂತೆಲ್, ಜಾರ್ದೆ ಎಂದು ಕರೆಯುತ್ತಾರೆ. ದೀಪಾವಳಿ ಬರುತ್ತದೆ. ತುಲಾ ಹತ್ತರ ಪತ್ತಾಮುದಯಕ್ಕೆ ತೆಂಕು ಬದಿಯ ಕಾವುಗಳಲ್ಲಿ ತೆಯ್ಯಂ ಆರಂಭವಾಗುತ್ತದೆ. ಬಡಗು ಬದಿಯ ಮನೆಗಳಲ್ಲಿ ಕೋಲ, ನೇಮಗಳಿಗೆ ದಿನ ಗೊತ್ತುಮಾಡುತ್ತಾರೆ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಇವೆಲ್ಲ ನಿಲ್ಲುವುದು ಬೇಸಗೆಯ ಕೊನೆಯ ಪತ್ತನಾಜೆಗೆ.

ಈ ಪಟ್ಟಿಗೆ ಸಿನೆಮಾ ಸೇರಿ ಎರಡು ಮೂರು ತಲೆಮಾರು ಕಳೆದಿದೆ. ಎಣ್ಣೆ ಸ್ನಾನ, ಅವಲಕ್ಕಿ, ಮಧ್ಯಾಹ್ನದ ಊಟ ಮುಗಿದ ಮೇಲೆ ಮನೆಮಂದಿಯೆಲ್ಲ ಪೇಟೆಗೆ ಹೋಗಿ ಒಂದು ಸಿನೆಮಾ ನೋಡಿ, ಹೊಟೇಲಿನಲ್ಲಿ ಚಹಾ ಕುಡಿದು ಕೊನೆಯ ಬಸ್ಸಿಗೆ ಹಿಂದಿರುಗುವುದು ಹಬ್ಬದ ಒಂದು ವಿಧಿಯೇ ಆಗಿಹೋಗಿದೆ. ಬಯಲಾಟಕ್ಕೆ ಚಾಪೆ ಹಿಡಿದುಕೊಂಡು ಹೋಗುತ್ತಿದ್ದ ಉತ್ಸಾಹ ಬಹುಮಟ್ಟಿಗೆ ಚಿತ್ರಮಂದಿರದ ಕಡೆಗೆ ತಿರುಗಿತು. ಈಗ ಅದರಲ್ಲಿ ಅರ್ಧ ಪಾಲು ಮನೆಯ ಟೆಲಿವಿಷನ್ನಿಗೂ ಅಂಗೈಯ ಮೊಬೈಲಿಗೂ ಬಂದಿದೆ. ಹಾಗೆ ಬಂದರೂ ಹಬ್ಬದ ದಿನ ಜೊತೆಯಾಗಿ ಕೂತು ಏನಾದರೂ ನೋಡಬೇಕೆಂಬ ಆಸೆ ಮಾತ್ರ ಉಳಿದುಕೊಂಡಿದೆ.

ನಾವು ಸಿನೆಮಾವನ್ನು ಹಬ್ಬದ ಭಾಗವಾಗಿ ನೋಡಿದ್ದೇವೆ. ಸಿನೆಮಾ ನಮ್ಮ ಹಬ್ಬವನ್ನು ನೋಡಿದೆಯೇ? ನೋಡಿದ್ದರೆ ಯಾವ ಭಾಷೆಯಲ್ಲಿ ನೋಡಿದೆ? ಕನ್ನಡ ಮಲಯಾಳ ಎರಡೂ ಪುಟಗಳನ್ನು ಓದಬಲ್ಲ ಓದುಗರ ಮುಂದೆ ಈ ಪ್ರಶ್ನೆ ಇಡುವುದು ಅನುಚಿತವಾಗಲಾರದು. ಇತ್ತೀಚಿನ ನಾಲ್ಕು ಚಿತ್ರಗಳನ್ನು ಮುಂದಿಟ್ಟುಕೊಂಡು ಉತ್ತರ ಹುಡುಕುವ ಪ್ರಯತ್ನ ಈ ಲೇಖನದ್ದು.

1

ಮೊದಲು ರಜೆಯ ಪಟ್ಟಿಯ ಮಾತು. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಕರ್ನಾಟಕದ ಪಟ್ಟಿಯಲ್ಲಿ ನರಕಚತುರ್ದಶಿಗೊಂದು, ಬಲಿಪಾಡ್ಯಮಿಗೊಂದು ರಜೆ. ಕೇರಳದ ಪಟ್ಟಿಯಲ್ಲಿ ದೀಪಾವಳಿಗೆ ಒಂದೇ ದಿನ. ತಲಪಾಡಿಯ ಆಚೆ ಬಲೀಂದ್ರ ಪೂಜೆಯ ಮರುದಿನ ಮಕ್ಕಳು ಮಲಗಿರುತ್ತಾರೆ. ಈಚೆ ಅದೇ ಬಲೀಂದ್ರನನ್ನು ರಾತ್ರಿ ಕೂಗಿ ಕರೆದ ಮಕ್ಕಳು ಬೆಳಗ್ಗೆ ಚೀಲ ಹೆಗಲಿಗೇರಿಸಿ ಶಾಲೆಗೆ ನಡೆಯುತ್ತಾರೆ.

ಸಿನೆಮಾದ ಪಂಚಾಂಗವೂ ಇದೇ ಬಗೆಯದು. ಮಲಯಾಳದ ದೊಡ್ಡ ಚಿತ್ರಗಳು ಓಣಂ, ವಿಷು, ಕ್ರಿಸ್ಮಸ್ ನೋಡಿಕೊಂಡು ತೆರೆಗೆ ಬರುತ್ತವೆ. ದೀಪಾವಳಿಗೆ ಇಲ್ಲಿನ ಚಿತ್ರಮಂದಿರಗಳಿಗೆ ಬರುವ ದೊಡ್ಡ ಚಿತ್ರ ಹೆಚ್ಚಾಗಿ ತಮಿಳಿನದು. ಹೀಗಾಗಿ ಕನ್ನಡ ಮನೆಯೊಂದು ತನ್ನ ದೊಡ್ಡ ಹಬ್ಬದ ದಿನ ತಮಿಳು ಚಿತ್ರ ನೋಡಿ, ಬಸ್ಸಿನಲ್ಲಿ ಮಲಯಾಳದಲ್ಲಿ ಅದರ ಗುಣದೋಷ ಚರ್ಚಿಸಿ, ಮನೆಗೆ ಬಂದು ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಊಟಕ್ಕೆ ಕರೆಯುವುದು ನಮ್ಮಲ್ಲಿ ಆಶ್ಚರ್ಯದ ಸಂಗತಿಯಲ್ಲ. ಕನ್ನಡ ಚಿತ್ರವೇ ಬೇಕೆಂದರೆ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು ಆಚೆಯ ಮಂಗಳೂರಿಗೆ ಹೋಗಬೇಕು. ನಾಲ್ಕು ಜನರ ಕುಟುಂಬಕ್ಕೆ ಅದು ಸಿನೆಮಾ ಮಾತ್ರವಾಗಿ ಉಳಿಯುವುದಿಲ್ಲ. ರೈಲು, ಹೊಟೇಲು, ಐಸ್‌ಕ್ರೀಮು, ಸೀರೆ ಅಂಗಡಿ ಎಲ್ಲ ಸೇರಿದ ಯಾತ್ರೆಯೇ ಆಗುತ್ತದೆ.

ಸಪ್ತಭಾಷಾ ಸಂಗಮ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಊರಿನಲ್ಲಿ ಇದನ್ನು ದೂರಾಗಿ ಹೇಳಬೇಕಾಗಿಲ್ಲ. ಹಲವು ಭಾಷೆಯ ಸಿನೆಮಾ ನೋಡುವುದು ನಮಗೆ ಸಿಕ್ಕ ಭಾಗ್ಯವೇ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಮಕ್ಕಳು ಕನ್ನಡವನ್ನು ಎಲ್ಲೆಲ್ಲಿ ಕೇಳುತ್ತಾರೆ? ಮನವಿಪತ್ರದಲ್ಲಿ, ಶಾಲೆ ಉಳಿಸುವ ಸಭೆಯಲ್ಲಿ, ನಾಮಫಲಕದ ವಿವಾದದಲ್ಲಿ, ನವೆಂಬರ್ 1ರ ಭಾಷಣದಲ್ಲಿ. 1956ರ ಆ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಅದು ಇಲ್ಲಿ ಕೇರಳಪ್ಪಿರವಿಯೂ ಹೌದು, ರಾಜ್ಯೋತ್ಸವವೂ ಹೌದು. ನಗುವುದಕ್ಕೆ, ಹಾಡುವುದಕ್ಕೆ, ಗೆಳೆಯರೊಡನೆ ತಮಾಷೆ ಮಾಡುವುದಕ್ಕೆ ಮಲಯಾಳ. ಕನ್ನಡ ಅಹವಾಲಿನ ಭಾಷೆಯಾಗಿ, ಮಲಯಾಳ ಸಂಭ್ರಮದ ಭಾಷೆಯಾಗಿ ಒಂದು ಮಗುವಿನ ಮನಸ್ಸಿನಲ್ಲಿ ಪಾಲಾಗಿಬಿಟ್ಟರೆ, ಆ ಮಗು ದೊಡ್ಡದಾದ ಮೇಲೆ ಯಾವುದನ್ನು ತನ್ನದೆಂದು ಉಳಿಸಿಕೊಳ್ಳುತ್ತದೆಂದು ಹೇಳಲು ಜ್ಯೋತಿಷಿ ಬೇಡ. ಹಬ್ಬದ ಸಿನೆಮಾ ನನಗೆ ವಿಮರ್ಶೆಯ ವಿಷಯವಾಗಿ ಕಾಣುವುದು ಈ ಕಾರಣದಿಂದ.

2

ತೆರೆಯ ಮೇಲೆ ಹಬ್ಬ ಬರುವುದು ಎರಡು ವಿಧದಲ್ಲಿ. ಒಂದು ಅಲಂಕಾರವಾಗಿ. ಹೊಸ ಬಟ್ಟೆ, ಸಾಲು ದೀಪ, ಮಾಳಿಗೆಯಿಂದ ಇಳಿದು ಬರುವ ನಾಯಕಿ, ಒಂದು ಹಾಡು. ಹಾಡು ಮುಗಿದರೆ ಹಬ್ಬವೂ ಮುಗಿಯಿತು. ಕಥೆಯಿಂದ ಅದನ್ನು ಕಿತ್ತು ತೆಗೆದರೆ ಏನೂ ನಷ್ಟವಿಲ್ಲ. ಎರಡನೆಯದು ಮನೆಯ ಕೆಲಸವಾಗಿ. ಯಾರು ಹಂಡೆ ತಿಕ್ಕಿದರು, ಯಾರು ಅಕ್ಕಿ ಅರೆದರು, ಸಾಮಾನಿನ ಚೀಟಿಯ ಲೆಕ್ಕ ಯಾರ ತಲೆಯ ಮೇಲೆ, ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ, ಕರೆದವರು ಯಾಕೆ ಬರಲಿಲ್ಲ ಎಂಬುದೆಲ್ಲ ಅದರೊಳಗೆ ಇರುತ್ತದೆ. ನಿಜವಾದ ಹಬ್ಬದ ಮನೆಯಲ್ಲಿ ಸಂತೋಷವೂ ಜಗಳವೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಎರಡನೆಯ ವಿಧದ ಸಿನೆಮಾ ಅಪರೂಪ.

ನಮ್ಮ ದೀಪಾವಳಿಯನ್ನೇ ತೆಗೆದುಕೊಳ್ಳಿ. ಹಂಡೆಗೆ ನೀರು ತುಂಬಿ ಬಳ್ಳಿ ಸುತ್ತುವುದು, ಪಾಲೆ ಮರದ ಕಂಬ ನೆಟ್ಟು ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವುದು, ಗದ್ದೆಗೂ ಹಟ್ಟಿಗೂ ಬೆಳಕು ತೋರಿಸುವುದು, ಗೋಪೂಜೆ. ಜಿಲ್ಲೆಯ ತೆಂಕು ಭಾಗಕ್ಕೆ ಹೋದರೆ ಇದೇ ಆಚರಣೆ ಪೊಲಿಯಂದ್ರಂ ಎಂಬ ಹೆಸರಿನಲ್ಲಿ ಮಲಯಾಳ ಮಾತಾಡುವ ಮನೆಗಳಲ್ಲೂ ಕಾಣುತ್ತದೆ. ಓಣಂಗೆ ಮಾವೇಲಿಯಾಗಿ ಬರುವ ಬಲಿ ಚಕ್ರವರ್ತಿ ಎರಡು ತಿಂಗಳು ಕಳೆದು ದೀಪಾವಳಿಗೆ ಬಲೀಂದ್ರನಾಗಿ ಇನ್ನೊಮ್ಮೆ ಬರುತ್ತಾನೆ. ಒಬ್ಬನೇ ಅರಸನನ್ನು ಎರಡು ಭಾಷೆಯಲ್ಲಿ ಎರಡು ಸಲ ಬರಮಾಡಿಕೊಳ್ಳುವ ನೆಲ ನಮ್ಮದು. ಕಥೆ ಬರೆಯುವವನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಏನು ಬೇಕು? ಆದರೂ ಓಣಂ ಊಟದ ಎಲೆಯನ್ನು ಮಲಯಾಳ ಚಿತ್ರಗಳಲ್ಲಿ ಎಷ್ಟೋ ಸಲ ಕಂಡ ನಾನು ಬಲೀಂದ್ರನ ಕಂಬವನ್ನು ನೋಡಿದ ಕನ್ನಡ ಚಿತ್ರಗಳಲ್ಲಿ ಕಂಡಿಲ್ಲ. ಅಲ್ಲಿ ದೀಪಾವಳಿಯೆಂದರೆ ಪಟಾಕಿ ಮಾತ್ರ.

3

ಕುಟುಂಬವೊಂದು ಹೊರಗೆ ಹೋಗಿ ಸುತ್ತಾಡಿ, ಸಿನೆಮಾ ನೋಡಿ, ಹೊಟೇಲಿನಲ್ಲಿ ಉಂಡು ಬರುವುದನ್ನೇ ಕಥೆಯ ನಡುಗಂಬ ಮಾಡಿಕೊಂಡ ಚಿತ್ರವೆಂದರೆ ಮಲಯಾಳದ ‘ದೃಶ್ಯಂ’. ಜೀತು ಜೋಸೆಫ್ ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 2013ರ ಡಿಸೆಂಬರ್ 19ರಂದು, ಕ್ರಿಸ್ಮಸ್ ಹತ್ತಿರವಿದ್ದಾಗ. ಮೋಹನ್‌ಲಾಲ್ ಅಭಿನಯಿಸಿದ ಜಾರ್ಜ್‌ಕುಟ್ಟಿ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು, ಕೇಬಲ್ ಟಿ.ವಿ. ನಡೆಸುವವನು, ಸಿನೆಮಾದ ಹುಚ್ಚಿನವನು, ಖರ್ಚಿನ ವಿಷಯದಲ್ಲಿ ಕೈ ಬಿಗಿಯವನು. ಮನೆಗೆ ಬಂದ ಆಪತ್ತನ್ನು ತಪ್ಪಿಸಿಕೊಳ್ಳಲು ಹೆಂಡತಿ ಮಕ್ಕಳನ್ನು ತೊಡುಪುಳಕ್ಕೆ ಕರೆದುಕೊಂಡು ಹೋಗುತ್ತಾನೆ. ಬಸ್ಸಿನ ಟಿಕೆಟು, ಹೊಟೇಲಿನ ಬಿಲ್ಲು, ಸಿನೆಮಾ ಟಿಕೆಟು ಎಲ್ಲವೂ ಆಮೇಲೆ ಸಾಕ್ಷಿಗಳಾಗುತ್ತವೆ. ಒಂದು ದಿನದ ತಿರುಗಾಟವನ್ನು ಊರವರ ನೆನಪಿನಲ್ಲಿ ಇನ್ನೊಂದು ದಿನಕ್ಕೆ ಸರಿಸಿಬಿಡುವುದರಲ್ಲಿ ಅವನ ಜಾಣ್ಮೆಯೆಲ್ಲ ಇದೆ.

ಈ ಚಿತ್ರವನ್ನು ಎಲ್ಲರೂ ಅಪರಾಧದ ಕಥೆಯಾಗಿ ಹೊಗಳಿದರು. ನನಗೆ ಅದು ನಡುವರ್ಗದ ಸಂತೋಷದ ಕಥೆಯಾಗಿಯೂ ಕಾಣುತ್ತದೆ. ವರ್ಷಕ್ಕೊಮ್ಮೆ ಸಿಕ್ಕಬೇಕಾದ ವಿಹಾರ ಆ ಹೆಂಗಸಿಗೂ ಹೆಣ್ಣುಮಕ್ಕಳಿಗೂ ಸಿಕ್ಕಿದ್ದು ಅವರು ಅದನ್ನು ಅನುಭವಿಸುವ ಸ್ಥಿತಿಯಲ್ಲಿ ಇಲ್ಲದಾಗ. ಅವರು ಚಿತ್ರಮಂದಿರದಲ್ಲಿ ಕೂತು ಸಿನೆಮಾ ನೋಡುವುದು ಕಂಠಪಾಠಕ್ಕಾಗಿ, ಉಣ್ಣುವುದು ಸಾಕ್ಷಿಗಾಗಿ. ಸಂತೋಷವನ್ನು ಅಭಿನಯಿಸಬೇಕಾಗಿ ಬಂದ ಕುಟುಂಬದ ಸಂಕಟ ಪೊಲೀಸರ ಪೆಟ್ಟಿಗಿಂತ ಆಳವಾಗಿ ನಾಟುತ್ತದೆ.

ಇದೇ ಕಥೆ 2014ರಲ್ಲಿ ಪಿ. ವಾಸು ಅವರ ನಿರ್ದೇಶನದಲ್ಲಿ ‘ದೃಶ್ಯ’ ಎಂದು ಕನ್ನಡಕ್ಕೆ ಬಂತು. ಕ್ರೈಸ್ತ ಜಾರ್ಜ್‌ಕುಟ್ಟಿ ರವಿಚಂದ್ರನ್ ಅವರ ರಾಜೇಂದ್ರ ಪೊನ್ನಪ್ಪ ಆದನು. ಕಥೆಗೆ ಕುಂದು ಬರಲಿಲ್ಲ. ಆಮೇಲೆ ತಮಿಳು, ತೆಲುಗು, ಹಿಂದಿ ಎಲ್ಲಕ್ಕೂ ಹೋಯಿತು. ಹೀಗೆ ಸಲೀಸಾಗಿ ಹೋಗಲು ಸಾಧ್ಯವಾದದ್ದು ಏಕೆಂದರೆ ಅದರ ವಿಹಾರ ಯಾವ ಊರಿನದೂ ಆಗಬಹುದು. ಬಸ್ಸು, ಹೊಟೇಲು, ಟಿಕೆಟು ಎಲ್ಲ ಕಡೆ ಒಂದೇ. ಊರು ಬದಲಾದರೆ ಕಥೆಯೇ ಬದಲಾಗುವಂಥ ಹಬ್ಬ ಇನ್ನೊಂದು ಬಗೆಯದು. ಅದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಸಿಕ್ಕುತ್ತದೆ.

4

‘ತಿಂಗಳಾಳ್ಚ ನಿಶ್ಚಯಂ’, ಎಂದರೆ ಸೋಮವಾರ ನಿಶ್ಚಿತಾರ್ಥ. ಸೆನ್ನ ಹೆಗ್ಡೆ ನಿರ್ದೇಶಿಸಿದ ಈ ಮಲಯಾಳ ಚಿತ್ರ 2021ರ ಅಕ್ಟೋಬರ್ 29ರಂದು ಸೋನಿ ಲಿವ್ ಮೂಲಕ ನೇರವಾಗಿ ಮನೆಮನೆಗೆ ಬಂತು. ದೀಪಾವಳಿಗೆ ಇನ್ನೊಂದು ವಾರ ಬಾಕಿ ಇತ್ತು. ಕಥೆ ಕಾಞಂಗಾಡಿನದು, ಮಾತೂ ಅಲ್ಲಿಯದೇ. ನಟರಲ್ಲಿ ಹೆಚ್ಚಿನವರು ಹೊಸಬರು. 2020ನೇ ಸಾಲಿನ ಅತ್ಯುತ್ತಮ ಮಲಯಾಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರಕಿತು.

ಕುವೈತಿನಿಂದ ಹಿಂದಿರುಗಿದ ವಿಜಯನ್ ಮನೆಯ ಯಜಮಾನ. ಮಗಳು ಸುಜಾಳ ನಿಶ್ಚಿತಾರ್ಥ ಸೋಮವಾರ. ಅವಳ ಮನಸ್ಸು ಬೇರೆ ಕಡೆ ಇದೆ. ನಿಶ್ಚಿತಾರ್ಥದ ಮುನ್ನಾ ದಿನಗಳು, ಒಂದು ಮನೆ, ಅದರ ಅಂಗಳ, ಇಷ್ಟರಲ್ಲೇ ಚಿತ್ರ ಮುಗಿಯುತ್ತದೆ. ಚಪ್ಪರ ಏಳುತ್ತದೆ. ಅಡಿಗೆಯ ತಯಾರಿ ನಡೆಯುತ್ತದೆ. ನೆಂಟರು ಬಂದು ತುಂಬುತ್ತಾರೆ. ಗಂಡಸರು ಕತ್ತಲಾದ ಮೇಲೆ ಕುಡಿಯಲು ಕೂರುತ್ತಾರೆ. ಹೆಂಗಸರು ಒಳಗೆ ಗುಸುಗುಸು ಮಾತಾಡುತ್ತಾರೆ. ಹೆಣ್ಣು ನೋಡಲು ಬಂದ ಗಂಡು ತನ್ನ ಹೆಂಡತಿಯಾಗುವವಳು ಹೇಗಿರಬೇಕೆಂದು ಅವಳಿಗೇ ಉಪದೇಶ ಮಾಡುವ ದೃಶ್ಯವಿದೆ. ನಕ್ಕು ನಕ್ಕು ಸಾಕಾಗುವಷ್ಟರಲ್ಲಿ, ಇದು ನಮ್ಮ ಮನೆಯಲ್ಲೇ ನಡೆದದ್ದಲ್ಲವೇ ಎಂದು ನಾಚಿಕೆಯೂ ಆಗುತ್ತದೆ. ಸಂಭ್ರಮದ ಮನೆಯಲ್ಲಿ ಅಧಿಕಾರ ಯಾರದು, ದುಡಿಮೆ ಯಾರದು, ಸಂತೋಷ ಯಾರದು ಎಂಬ ಮೂರು ಪ್ರಶ್ನೆಗಳನ್ನು ಭಾಷಣವಿಲ್ಲದೆ ಈ ಚಿತ್ರ ಎತ್ತುತ್ತದೆ. ಕಾಞಂಗಾಡಿನ ಆಡುಮಾತನ್ನು ತೆಗೆದುಬಿಟ್ಟರೆ ಚಿತ್ರದ ಅರ್ಧ ಜೀವ ಹೋದಂತೆ. ಮೇಲೆ ಹೇಳಿದ ಎರಡನೆಯ ವಿಧದ ಹಬ್ಬ ಇದು.

ಇಲ್ಲಿ ನಮ್ಮ ಕಿವಿ ನಿಮಿರಬೇಕಾದ ಒಂದು ಸಂಗತಿಯಿದೆ. ಈ ಚಿತ್ರದ ನಿರ್ಮಾಪಕರು ಕನ್ನಡ ಚಿತ್ರರಂಗದ ಪುಷ್ಕರ ಮಲ್ಲಿಕಾರ್ಜುನಯ್ಯ. ನಿರ್ದೇಶಕರು ಇದಕ್ಕೆ ಮುಂಚೆ, 2018ರಲ್ಲಿ, ಕನ್ನಡದಲ್ಲಿ ‘ಕಥೆಯೊಂದು ಶುರುವಾಗಿದೆ’ ಎಂಬ ಚಿತ್ರ ಮಾಡಿದ್ದರು. ಅದು ರೆಸಾರ್ಟೊಂದರ ಕಥೆ. ನಮ್ಮ ಜಿಲ್ಲೆಯ ನಿರ್ದೇಶಕರೊಬ್ಬರು ಕನ್ನಡದಲ್ಲಿ ಚಿತ್ರ ಮಾಡುವಾಗ ಅತಿಥಿಗಳು ಬಂದು ಹೋಗುವ ರೆಸಾರ್ಟಿಗೆ ಹೋದರು. ಮಲಯಾಳದಲ್ಲಿ ಮಾಡುವಾಗ ನೆಂಟರು ಬಂದು ಸೇರುವ ಮನೆಗೆ ಬಂದರು. ಇದರಲ್ಲಿ ಅವರನ್ನು ದೂರುವಂಥದ್ದು ಏನೂ ಇಲ್ಲ. ಕನ್ನಡ ಚಿತ್ರದ ಮಾರುಕಟ್ಟೆಯ ಕಲ್ಪನೆಯಲ್ಲಿ ಕಾಸರಗೋಡಿನ ಮನೆಗೆ ಜಾಗವಿಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಹೊಸದುರ್ಗ ತಾಲೂಕಿನ ಆ ಪರಿಸರದಲ್ಲಿ ಕನ್ನಡ, ತುಳು, ಕೊಂಕಣಿ ಮಾತಾಡುವ ಮನೆಗಳೂ ಇವೆ. ಚಿತ್ರದ ಗಮನ ಅತ್ತ ಹೋಗಿಲ್ಲ. ಹೋಗಬೇಕಾಗಿಯೂ ಇರಲಿಲ್ಲ, ಏಕೆಂದರೆ ಅದು ತನ್ನ ಮನೆಯನ್ನು ಪ್ರಾಮಾಣಿಕವಾಗಿ ನೋಡಿತು. ನಮ್ಮ ಮನೆಯನ್ನು ಹಾಗೆ ನೋಡಬೇಕಾದವರು ಯಾರು?

5

ನೋಡಿದವರು ಇದ್ದಾರೆ ಎಂದು ಕೆಲವರು ಹೇಳಬಹುದು. 2018ರ ಆಗಸ್ಟ್ 23ರಂದು ಬಿಡುಗಡೆಯಾದ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ನಮ್ಮ ಊರಿನ ಹೆಸರನ್ನೇ ಹೊತ್ತ ಕನ್ನಡ ಚಿತ್ರ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕೇರಳದ ಕಾನೂನು ಬಂದದ್ದು 2017ರಲ್ಲಿ. ಅದರ ಮರುವರ್ಷ ಈ ಚಿತ್ರ ಬಂತು. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕ ಬಂದಾಗ ಮಕ್ಕಳ ಪಾಡೇನು ಎಂಬುದನ್ನು ಅಷ್ಟು ಲವಲವಿಕೆಯಿಂದ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದು ಯೋಗ್ಯವೇ. ಮಕ್ಕಳ ಅಭಿನಯ, ವಾಸುಕಿ ವೈಭವ್ ಅವರ ಸಂಗೀತ, ಅನಂತನಾಗ್ ಅವರ ನ್ಯಾಯಾಲಯದ ಮಾತು ಇವುಗಳ ಬಗ್ಗೆ ಎರಡು ಮಾತಿಲ್ಲ. ನಮ್ಮ ನೋವು ಕರ್ನಾಟಕದ ಮೂಲೆ ಮೂಲೆಗೆ ತಲಪಿದ್ದು ಪತ್ರಿಕೆಯ ನೂರು ಲೇಖನಗಳಿಗಿಂತ ಈ ಒಂದು ಚಿತ್ರದಿಂದ ಎಂದರೆ ತಪ್ಪಾಗದು.

ಹಾಗಿದ್ದೂ ವಿಮರ್ಶೆಯ ಋಣ ತೀರಿಸಲು ಎರಡು ಮಾತು ಹೇಳಬೇಕು. ಮೊದಲನೆಯದು, ಕಾಸರಗೋಡಿನ ಮಕ್ಕಳನ್ನು ಗೆಲ್ಲಿಸಲು ಮೈಸೂರಿನಿಂದ ಒಬ್ಬ ಹಿರಿಯರು ಬರಬೇಕಾಗುತ್ತದೆ. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಬಡಗು ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿದ ಮೇಲೂ ಅದು ಜಾರಿಗೆ ಬರದಿರುವುದನ್ನು ಕಂಡ ನಮಗೆ, ಹೊರಗಿನಿಂದ ಬರುವ ಉದ್ಧಾರಕರ ವಿಷಯದಲ್ಲಿ ಅಷ್ಟು ನಂಬಿಕೆ ಉಳಿದಿಲ್ಲ. ಇಲ್ಲಿನ ಕನ್ನಡಕ್ಕಾಗಿ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಮಣ್ಣಿನವರು, ಕೃಷಿ ಮಾಡಿಕೊಂಡು ಕವಿತೆ ಬರೆದವರು. ಎರಡನೆಯದು ಇನ್ನೂ ಮುಖ್ಯ. ಆ ಚಿತ್ರದಲ್ಲಿ ಶಾಲೆಯ ಅಂಗಳ ಧಾರಾಳವಾಗಿದೆ, ಮನೆಯ ಒಳಗು ಕಡಿಮೆ. ಆ ಮಕ್ಕಳು ಸಂಜೆ ಮನೆಗೆ ಹೋದ ಮೇಲೆ ಯಾವ ಭಾಷೆಯಲ್ಲಿ ಬೈಸಿಕೊಳ್ಳುತ್ತಾರೆ, ಹಬ್ಬದ ದಿನ ಏನು ಉಣ್ಣುತ್ತಾರೆ, ಅಜ್ಜಿಯೊಡನೆ ಯಾವ ಸಿನೆಮಾಕ್ಕೆ ಹೋಗುತ್ತಾರೆ ಎಂಬುದು ನಮಗೆ ತಿಳಿಯುವುದು ಅಲ್ಪ. ಹೀಗಾಗಿ ಕಾಸರಗೋಡಿನ ಕನ್ನಡಿಗನೆಂದರೆ ಅಹವಾಲು ಹಿಡಿದು ನಿಂತವನು ಎಂಬ ಚಿತ್ರವೇ ಉಳಿಯುತ್ತದೆ. ಅಹವಾಲು ನಿಜ, ಅದರ ಹಿಂದೆ ಒಂದು ಮನೆಯೂ ಇದೆಯಲ್ಲ.

ಬಿಡುಗಡೆಯ ದಿನವೂ ಹಾಗೇ ಒದಗಿತು. ಆ ವರ್ಷದ ಪ್ರವಾಹದಿಂದ ಕೇರಳವೆಲ್ಲ ದುಃಖದಲ್ಲಿದ್ದ ಓಣಂ ವಾರ ಅದು. ನಾವು ಆ ಚಿತ್ರವನ್ನು ಹಬ್ಬವಾಗಿ ನೋಡಲಿಲ್ಲ, ಕರ್ತವ್ಯವಾಗಿ ನೋಡಿದೆವು. ಅಧ್ಯಾಪಕರು, ಸಂಘದವರು ನೋಡಿ ಎಂದರು, ನೋಡಿದೆವು, ಹೆಮ್ಮೆಪಟ್ಟೆವು.

6

ಕರ್ತವ್ಯವಿಲ್ಲದೆ, ಕೇವಲ ಖುಷಿಗಾಗಿ, ಕನ್ನಡ ಚಿತ್ರವೊಂದಕ್ಕೆ ಎಲ್ಲ ಭಾಷೆಯವರೂ ಮುಗಿಬಿದ್ದದ್ದು ನಾಲ್ಕು ವರ್ಷ ಕಳೆದ ಮೇಲೆ, ಅದೇ ನಿರ್ದೇಶಕರ ‘ಕಾಂತಾರ’ಕ್ಕೆ. ತಾರೀಖುಗಳನ್ನು ನೋಡಿ. ಕನ್ನಡದಲ್ಲಿ ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್ 30. ಮಲಯಾಳಕ್ಕೆ ಡಬ್ ಆಗಿ ಕೇರಳಕ್ಕೆ ಬಂದದ್ದು ಅಕ್ಟೋಬರ್ 20. ಆ ತಿಂಗಳ 24ರಂದು ನರಕಚತುರ್ದಶಿ. ಅದೇ ವಾರದಲ್ಲಿ ತುಲಾ ಹತ್ತರ ಪತ್ತಾಮುದಯ. ತೆಯ್ಯಂ, ದೀಪಾವಳಿ, ಸಿನೆಮಾ ಮೂರೂ ಒಂದೇ ವಾರದಲ್ಲಿ ಕೂಡಿ ಬಂದವು.

ಸೆಪ್ಟೆಂಬರ್ 30ರಿಂದ ಅಕ್ಟೋಬರ್ 20ರ ತನಕ 20 ದಿನ. ಈ ಅವಧಿಯಲ್ಲಿ ಮಲಯಾಳದಲ್ಲಿ ನೋಡುವ ದಾರಿ ಇರಲಿಲ್ಲ. ಕನ್ನಡ ಬಲ್ಲ ಮಗುವೊಂದು ತನ್ನ ತರಗತಿಯಲ್ಲಿ ಉಳಿದವರಿಗಿಂತ ಮೊದಲು ನೋಡಿ ಬಂದು ಕಥೆ ಹೇಳುವ ಸ್ಥಾನದಲ್ಲಿ ಇತ್ತು. ಕನ್ನಡ ಬರುವುದರಿಂದ ಆಟದ ಬಯಲಿನಲ್ಲಿ ಮರ್ಯಾದೆ ದೊರಕುವ ಸಂದರ್ಭ ಇಲ್ಲಿನ ಮಕ್ಕಳಿಗೆ ಎಷ್ಟು ಸಲ ಬಂದೀತು? ಮುಂದೆ 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಬಂದಾಗ ಕನ್ನಡ, ಮಲಯಾಳ ಎರಡೂ ಒಂದೇ ದಿನ ತೆರೆಗೆ ಬಂದವು. ಆ 20 ದಿನಗಳ ಅಂತರ ಮಾಯವಾಯಿತು. ಯಾವ ಭಾಷೆಯಲ್ಲಿ ನೋಡುವುದೆಂಬ ಆಯ್ಕೆ ಈಗ ಪೂರ್ತಿ ನಮ್ಮ ಕೈಯಲ್ಲಿದೆ.

ಯಾವುದರಲ್ಲಿ ನೋಡಬೇಕು? ಡಬ್ ಆದದ್ದು ನಕಲಿ ಎಂದು ತಳ್ಳಿಹಾಕುವುದು ನಮ್ಮ ಜಿಲ್ಲೆಯ ಮಟ್ಟಿಗೆ ಸರಿಯಾಗದು. ಬಡಗು ಬದಿಯ ದೈವ ತುಳುವಿನಲ್ಲಿ ನುಡಿ ಕೊಟ್ಟರೆ ತೆಂಕು ಬದಿಯ ತೆಯ್ಯಂ ಮಲಯಾಳದಲ್ಲಿ ಮಾತಾಡುತ್ತದೆ. ಪಂಜುರ್ಲಿ ಮಲಯಾಳ ಮಾತಾಡಿದರೆ ಇಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಆದರೆ ಚಿತ್ರದಲ್ಲಿ ದೈವವೊಂದೇ ಇರುವುದಲ್ಲ. ಮಗನನ್ನು ಬಾಯ್ತುಂಬ ಬೈಯುತ್ತ ಅನ್ನ ಬಡಿಸುವ ತಾಯಿ ಇದ್ದಾಳೆ, ಹರಟುವ ಗೆಳೆಯರು ಇದ್ದಾರೆ. ಅವರ ಕುಂದಾಪುರದ ಕಡೆಯ ಕನ್ನಡ ನಮ್ಮ ಕನ್ನಡವಲ್ಲ. ಆದರೂ ಪುಸ್ತಕದ ಕನ್ನಡಕ್ಕಿಂತ ಎಷ್ಟೋ ಹತ್ತಿರ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ, ಕನ್ನಡ ಅಕ್ಷರ ತಡವರಿಸುವ ಮಗುವಿಗೆ, ಅಷ್ಟು ದೊಡ್ಡ ಶಬ್ದದಲ್ಲಿ, ಅಷ್ಟು ಜನರ ನಡುವೆ, ಕನ್ನಡದಲ್ಲಿ ನಗೆಮಾತು ಕೇಳಿ ಸಭೆಯೇ ನಗುವುದನ್ನು ಅನುಭವಿಸುವ ಸಂದರ್ಭ ಬೇರೆ ಎಲ್ಲಿದೆ? ಹತ್ತು ರೂಪಾಯಿ ಹೆಚ್ಚಾದರೂ ಕನ್ನಡದ ಪ್ರದರ್ಶನಕ್ಕೇ ಹೋಗಬೇಕೆಂದು ನಾನು ಹೇಳುವುದು ಇದಕ್ಕೆ. ಮಲಯಾಳದ ಮೇಲಿನ ಸಿಟ್ಟಿನಿಂದ ಹೇಳುವುದಲ್ಲ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ದೈವಕ್ಕೂ ಭೂಮಿಗೂ ಇರುವ ಸಂಬಂಧವನ್ನು ‘ಕಾಂತಾರ’ ಸರಿಯಾಗಿ ಹಿಡಿದಿದೆ. ಅರಸ ಕೊಟ್ಟ ಭೂಮಿಯನ್ನು ಧಣಿಯ ಮನೆತನ ಮತ್ತೆ ಕಸಿಯಲು ನೋಡುವುದು ಅದರ ಬೆನ್ನೆಲುಬು. ಆದರೆ ಕೋಲವೆಂಬುದು ನಮ್ಮ ಮನೆಗಳಲ್ಲಿ ಒಬ್ಬ ವೀರನ ಅಬ್ಬರವಲ್ಲ, ಕುಟುಂಬವೊಂದರ ವರ್ಷದ ಲೆಕ್ಕಾಚಾರ. ಮುಂಬಯಿಯಿಂದ ತಮ್ಮ ಬರಬೇಕು, ಗಂಡನ ಮನೆಯಿಂದ ತಂಗಿ ಬರಬೇಕು, ಮಾತು ಬಿಟ್ಟ ದಾಯಾದಿಗಳು ಒಂದೇ ಚಪ್ಪರದ ಅಡಿ ನಿಲ್ಲಬೇಕು. ತೆಂಗಿನ ಸಿರಿ ಸೀಳುವವರು, ಅಡಿಗೆಯವರು, ದೈವ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರು ಎಷ್ಟೋ ಕೈಗಳು ಸೇರಿದರೆ ಮಾತ್ರ ಆ ರಾತ್ರಿ. ದೈವ ನುಡಿ ಕೊಡುವಾಗ ಒಬ್ಬೊಬ್ಬರನ್ನೂ ಹೆಸರು, ಸಂಬಂಧ ಹಿಡಿದು ಕರೆಯುತ್ತದೆ. ಚಿತ್ರದ ಕೊನೆಯಲ್ಲಿ ಈ ಎಲ್ಲರೂ ಹಿಂದಕ್ಕೆ ಸರಿದು ನಾಯಕನೊಬ್ಬನೇ ಉಳಿಯುತ್ತಾನೆ. ಮೈ ಜುಮ್ಮೆನ್ನುತ್ತದೆ, ನಿಜ. ಮನೆಗೆ ಬಂದು ಯೋಚಿಸಿದರೆ ಚಪ್ಪರದಲ್ಲಿ ಕೂತಿದ್ದ ನಾವು ತೆರೆಯ ಮೇಲೆ ಇರಲಿಲ್ಲ ಎನ್ನಿಸುತ್ತದೆ.

7

ನಾಲ್ಕು ಚಿತ್ರಗಳನ್ನು ಬದಿಬದಿಗೆ ಇಟ್ಟರೆ ಲೆಕ್ಕ ಹೀಗೆ ಬರುತ್ತದೆ. ‘ದೃಶ್ಯಂ’ನಲ್ಲಿ ಕುಟುಂಬದ ವಿಹಾರ ಇದೆ, ಅದು ಯಾವ ಊರಿನದೂ ಆಗಬಹುದು. ‘ತಿಂಗಳಾಳ್ಚ ನಿಶ್ಚಯಂ’ನಲ್ಲಿ ನಮ್ಮ ಜಿಲ್ಲೆಯ ಸಂಭ್ರಮದ ಮನೆ ಇದೆ, ಕನ್ನಡವಿಲ್ಲ. ‘ಸರ್ಕಾರಿ ಹಿ. ಪ್ರಾ. ಶಾಲೆ’ಯಲ್ಲಿ ನಮ್ಮ ಜಿಲ್ಲೆಯ ಕನ್ನಡವಿದೆ, ಹಬ್ಬದ ಮನೆಯಿಲ್ಲ. ‘ಕಾಂತಾರ’ದಲ್ಲಿ ಕರಾವಳಿಯ ಕನ್ನಡವೂ ಹಬ್ಬವೂ ಇದೆ, ಆದರೆ ಹಬ್ಬದಲ್ಲಿ ದುಡಿದವರು ಕೊನೆಗೆ ಕಾಣಿಸುವುದಿಲ್ಲ. ಜಮೆ ಖರ್ಚು ಎರಡನ್ನೂ ಕೂಡಿಸಿದ ಮೇಲೆ ಒಂದು ಚಿತ್ರ ಬಾಕಿ ನಿಲ್ಲುತ್ತದೆ. ಅಜ್ಜಿ ತುಳುವಿನಲ್ಲಿ ಬೈದು, ತಾಯಿ ಕನ್ನಡದಲ್ಲಿ ಸಮಾಧಾನ ಹೇಳಿ, ಮಗಳು ಮಲಯಾಳದಲ್ಲಿ ಫೋನು ಮಾಡಿ, ನೆರೆಮನೆಯ ಬ್ಯಾರಿ ಗೆಳೆಯನಿಗೆ ಅವಲಕ್ಕಿ ಕಳಿಸುವ ದೀಪಾವಳಿಯ ಚಿತ್ರ. ಇದರಲ್ಲಿ ಯಾವ ಉದ್ಧಾರಕನೂ ಬೇಕಾಗಿಲ್ಲ, ಯಾವ ಕೋರ್ಟಿನ ದೃಶ್ಯವೂ ಬೇಕಾಗಿಲ್ಲ. ಸಾಲದ ಚಿಂತೆ, ಶಾಲೆಯ ಚಿಂತೆ, ಮಗಳ ಮದುವೆಯ ಚಿಂತೆ ತಾವಾಗಿಯೇ ಬಂದು ಚಪ್ಪರದ ಅಡಿ ಕೂರುತ್ತವೆ.

ಇಂಥ ಚಿತ್ರ ಬೇಕೆಂದು ಬೆಂಗಳೂರಿನವರಿಗೆ ತಾನಾಗಿ ಹೊಳೆಯಲಾರದು. ಕೊಚ್ಚಿಯವರಿಗೆ ಹೊಳೆದರೆ ಅದು ಮಲಯಾಳದಲ್ಲಿ ಬಂದೀತು. ಕೇಳಬೇಕಾದವರು ನಾವು. ಕೇಳುವುದೆಂದರೆ ಇನ್ನೊಂದು ಮನವಿಪತ್ರ ಬರೆಯುವುದಲ್ಲ. ಸಣ್ಣ ಕ್ಯಾಮರಾ, ಹೊಸ ನಟರು, ಒಂದು ಮನೆ ಇಷ್ಟರಲ್ಲೇ ರಾಷ್ಟ್ರಪ್ರಶಸ್ತಿಯ ಚಿತ್ರವಾಗುತ್ತದೆಂದು ಕಾಞಂಗಾಡು ತೋರಿಸಿಕೊಟ್ಟಿದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಹುಡುಗ ಹುಡುಗಿಯರಲ್ಲಿ ಆ ಶಕ್ತಿ ಇಲ್ಲವೆನ್ನಲು ಕಾರಣವಿಲ್ಲ. ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಸೀಮೆ ಇದು. ಹಬ್ಬದ ದಿನ ಸಿನೆಮಾ ನೋಡಿ ಬಂದ ಮೇಲೆ ಊಟದ ಮುಂದೆ ಕೂತು, ಈ ಹಬ್ಬ ನಮ್ಮದರ ಹಾಗೆ ಇತ್ತೇ, ಅಡಿಗೆ ಮಾಡಿದವರು ಯಾರು, ಅವರು ಕಂಡರೇ ಎಂದು ಮಕ್ಕಳನ್ನು ಕೇಳಿದರೆ ಆ ಶಕ್ತಿಗೆ ದಾರಿ ತೆರೆದಂತೆ ಆಗುತ್ತದೆ. ಆ ಮಾತು ಕನ್ನಡದಲ್ಲಿ ನಡೆಯಲಿ.

ಪಾಲೆ ಮರದ ಕಂಬದ ಮುಂದೆ ನಿಂತು ಬಲೀಂದ್ರನನ್ನು ಕರೆಯುವ ಕೂಗು ಮಲಯಾಳ ಚಿತ್ರದಲ್ಲಿ ಕೇಳಿಸಿದರೆ ನಾವು ಸಂತೋಷದಿಂದಲೇ ಟಿಕೆಟು ಕೊಳ್ಳುತ್ತೇವೆ. ಅದು ಒಮ್ಮೆ ಕನ್ನಡದಲ್ಲೂ ಕೇಳಿಸಿದರೆ ಮಂಗಳೂರಿಗೆ ಹೋಗುವ ರೈಲಿನ ಖರ್ಚನ್ನು ಯಾವ ಮನೆಯೂ ಲೆಕ್ಕ ಹಾಕಲಾರದು.